ಭೈರವಿಯ ಬೆನ್ನಿಗೆ ವಂದನಾರ್ಪಣೆ

ವಂದನಾರ್ಪಣೆಯನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದವರು ನಮ್ಮ ಊರಿನಲ್ಲಿ ಯಾರಾದರೂ ಇದ್ದರೆ ನನಗೊಮ್ಮೆ ತೋರಿಸಬೇಕು. ಅವರನ್ನು ಮನೆಗೆ ಕರೆದು, ಗಿರಮಿಟ್ಟು, ಮಿರ್ಚಿ ಭಜಿ ಮಾಡಿ ಕೊಟ್ಟು, ಎದುರಿಗೆ ಕೂತು ಮುಖ ನೋಡಬೇಕೆಂಬ ಆಸೆ ನನಗಿದೆ. ಸ್ವಾಗತ ಭಾಷಣವನ್ನು ಜನ ಕೇಳುತ್ತಾರೆ. ಆಗಿನ್ನೂ ಬಂದು ಕೂತಿರುತ್ತಾರೆ, ಏಳುವುದಕ್ಕೆ ಕಾರಣ ಹುಟ್ಟಿರುವುದಿಲ್ಲ. ಅಧ್ಯಕ್ಷರ ಭಾಷಣವನ್ನೂ ಕೇಳುತ್ತಾರೆ, ಯಾರು ಕೇಳುತ್ತಿಲ್ಲ ಎಂದು ಅಧ್ಯಕ್ಷರು ಮೇಲಿನಿಂದ ನೋಡುತ್ತಿರುತ್ತಾರಲ್ಲ! ವಂದನಾರ್ಪಣೆ ಮಾತ್ರ ಸಭೆಯ ಬೆನ್ನಿಗೆ ಮಾಡುವ ಭಾಷಣ.

ಧಾರವಾಡದಲ್ಲಂತೂ ಇದಕ್ಕೆ ಶಾಸ್ತ್ರದ ಬಲವೇ ಇದೆ. ನಮ್ಮಲ್ಲಿ ಗಾಯನವಿರಲಿ, ಸಿತಾರ ಇರಲಿ, ಕೊನೆಗೆ ಬರುವುದು ಭೈರವಿ ರಾಗ. ಭೈರವಿ ಬಂತೆಂದರೆ ಕಾರ್ಯಕ್ರಮ ಮುಗಿಯಿತು. ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ಹಾಡುವವರು ಆ ರಾಗದ ಮೊದಲ ಸ್ವರಗಳನ್ನು ಹಿಡಿದ ಕೂಡಲೇ ಹಿಂದಿನ ಸಾಲಿನವರ ಕಾಲುಗಳು ತಾವಾಗಿಯೇ ಚಪ್ಪಲಿ ಹುಡುಕುತ್ತವೆ. ನಮ್ಮ ಅತ್ತೆಯವರು ಕನ್ನಡಕ ತೆಗೆದು ಡಬ್ಬಿಗೆ ಹಾಕಿ ಟಪ್ಪೆಂದು ಮುಚ್ಚುತ್ತಾರೆ, ಲವಂಗದ ಡಬ್ಬಿಯನ್ನು ಚೀಲಕ್ಕೆ ಸೇರಿಸುತ್ತಾರೆ, ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಾರೆ. ಅತ್ತೆಯವರು ಉಪ್ಪಿನಬೆಟಗೇರಿಯವರು. ಸಂಗೀತವನ್ನು ಯಾರಲ್ಲಿಯೂ ಕಲಿತವರಲ್ಲ. ಆದರೆ ಅವರ ಕನ್ನಡಕದ ಡಬ್ಬಿ ಮುಚ್ಚಿದ ಮೇಲೆ ಯಾವ ಗಾಯಕರೂ ಮತ್ತೊಂದು ರಾಗ ಎತ್ತಿಕೊಂಡದ್ದನ್ನು ನಾನು ಕಂಡಿಲ್ಲ.

ನಮ್ಮ ಬಡಾವಣೆಯ ಸಂಗೀತ ಬಳಗಕ್ಕೆ ನಾನು ಸೇರಿ ಬಹಳ ವರ್ಷಗಳಾದವು. ಲಕಮನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುವವಳು ನಾನು. ಯಾವ ಬೋಲ್ಟು ಯಾವ ಕಪಾಟಿನಲ್ಲಿದೆ, ಯಾರು ಒಯ್ದರು, ತಂದು ಕೊಟ್ಟರೋ ಇಲ್ಲವೋ ಎಂಬುದು ತಲೆಯಲ್ಲಿ ಸದಾ ಇರುತ್ತದೆ. ಈ ಗುಣ ಕಂಡು ಬಳಗದವರು ನನಗೆ ಜಮಖಾನೆ, ಚಹಾ, ಹೂವು, ಕುಡಿಯುವ ನೀರು ಇವನ್ನೆಲ್ಲ ವಹಿಸಿಕೊಟ್ಟರು. ವೇದಿಕೆಯನ್ನು ನಾನು ಹತ್ತಿದ್ದೆಲ್ಲ ಜಮಖಾನೆ ಝಾಡಿಸುವುದಕ್ಕೆ, ಇಳಿದದ್ದೆಲ್ಲ ಬಾಡಿದ ಹೂವು ಬಳಿದುಕೊಂಡು. ವಂದನಾರ್ಪಣೆ ಹಿರೇಮಠ ಮಾಸ್ತರರ ಖಾಯಂ ಕೆಲಸ. ಮಾಸ್ತರರು ಕಣ್ಣು ಮುಚ್ಚಿಕೊಂಡು ಮಾತನಾಡುವುದರಿಂದ ಎದುರಿಗಿರುವುದು ಮುಖವೋ ಬೆನ್ನೋ ಎಂಬ ಚಿಂತೆ ಅವರಿಗಿಲ್ಲ. ಒಮ್ಮೆ ಅವರು "ಧ್ವನಿವರ್ಧಕದ ಮೌಲಾಸಾಬರಿಗೆ" ಎನ್ನುವಷ್ಟರಲ್ಲಿ ಮೌಲಾಸಾಬರೇ ಬಂದು ಮೈಕು ಕಳಚಿಕೊಂಡು ಹೋಗಿದ್ದರು. ಮಾಸ್ತರರು ಉಳಿದದ್ದನ್ನು ಬರಿಗಂಟಲಿನಲ್ಲಿ ಪೂರೈಸಿದರು.

ನನಗೆ ಮಾತ್ರ ಅದು ಸಣ್ಣ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಮೌಲಾಸಾಬರು ಮಧ್ಯಾಹ್ನದಿಂದ ವಾಯರು ಎಳೆದಿರುತ್ತಾರೆ. ಹೂವಿನ ಕಾಶವ್ವ ಮಾರ್ಕೆಟ್ಟಿನಿಂದ ಬುಟ್ಟಿ ಹೊತ್ತು ತಂದಿರುತ್ತಾಳೆ. ಇಷ್ಟು ಮಾಡಿದ್ದಕ್ಕೆ ಅವರ ಹೆಸರನ್ನು ನಾಲ್ಕು ಜನರ ಮುಂದೆ ಹೇಳುವುದು ಅದೊಂದೇ ಗಳಿಗೆ. ಆ ಗಳಿಗೆಯಲ್ಲಿ ನಾಲ್ಕು ಜನವೇ ಇರುವುದಿಲ್ಲ. ನನಗೆ ಒಂದೇ ಒಂದು ಸಲ ವಂದನಾರ್ಪಣೆ ಕೊಟ್ಟು ನೋಡಲಿ, ಅವರ ಹೆಸರು ಇಡೀ ಸಭೆಯ ಕಿವಿಗೆ ಬೀಳುವಂತೆ ಮಾಡಿ ತೋರಿಸುತ್ತೇನೆ ಎಂದು ಎಷ್ಟೋ ಸಲ ಚಹಾದ ಕಪ್ಪು ತೊಳೆಯುತ್ತ ಅಂದುಕೊಂಡಿದ್ದೆ.

ಹಾಗಿರುವಾಗ ಹಿರೇಮಠ ಮಾಸ್ತರರು ಮಗಳ ಬಾಣಂತನಕ್ಕೆಂದು ಹೆಂಡತಿಯ ಜೊತೆಗೆ ಸೊಲ್ಲಾಪುರಕ್ಕೆ ಹೋದರು. ನಮ್ಮ ಅಧ್ಯಕ್ಷರಾದ ದೇಸಾಯಿಯವರು ಫೋನು ಮಾಡಿದರು. "ಶಕುಂತಲಾಬಾಯಾರ, ಈ ಸಲ ವಂದನಾರ್ಪಣೆ ನೀವ ಮಾಡಬೇಕ್ರಿ. ಮಾಸ್ತರ ಇಲ್ಲ. ಭಾಳ ಏನಿಲ್ಲರಿ, ಜನಾ ಹೆಂಗೂ ಹೊಂಟಿರತಾರ."

ಮನೆಯಲ್ಲಿ ಸುದ್ದಿ ಹೇಳಿದೆ. ಅತ್ತೆಯವರು ಅಕ್ಕಿಯಲ್ಲಿ ಹರಳು ಆರಿಸುತ್ತಿದ್ದವರು ತಲೆ ಎತ್ತಲಿಲ್ಲ.

"ಏನ ಹೇಳ್ತಿಯವಾ ಶಕ್ಕೂ, ಹೇಳು. ಆದರ ಲಗೂನ ಮುಗಸು. ನನ್ನ ಮೊಣಕಾಲು ಭೈರವಿ ತನಕಾನ ತಡೀತಾವು."

ನಮ್ಮ ಮನೆಯವರು ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟವರು. ಸಂಗೀತ ಅವರಿಗೆ ಒಗ್ಗುವುದಿಲ್ಲ. "ನಾ ಅಂತೂ ಚಪ್ಪಲಿ ಹತ್ರ ನಿಂತಿರತೇನಿ. ಎಲ್ಲಾರೂ ಅಲ್ಲೇ ಬರತಾರಲ್ಲ, ನೀನೂ ಅಲ್ಲೇ ಬಂದು ಹೇಳಬಾರದ?" ಎಂದರು.

ಹಾಸ್ಯಕ್ಕೆ ಹೇಳಿದ್ದಾದರೂ ನನಗೆ ಅದರಲ್ಲೊಂದು ದಾರಿ ಕಂಡಿತು. ಜನ ಚಪ್ಪಲಿ ಮುಟ್ಟುವುದರೊಳಗೆ ನಾನು ಮೈಕು ಮುಟ್ಟಬೇಕು. ಭೈರವಿಯ ಕೊನೆಯ ಸ್ವರ ನಿಂತು ಚಪ್ಪಾಳೆ ಶುರುವಾಗುವ ಮೊದಲು ಒಂದು ಸಣ್ಣ ಸಂದು ಇರುತ್ತದೆ. ಅಲ್ಲಿ ನುಗ್ಗಬೇಕು. ಮೌಲಾಸಾಬರಿಗೆ ಹೇಳಿ ವೇದಿಕೆಯ ಮೂಲೆಯಲ್ಲಿ ನನಗೆಂದೇ ಒಂದು ಮೈಕು ಇಡಿಸಿದೆ. "ನಿಮ್ಮ ಹೆಸರು ಹೇಳೂತನಕ ವಾಯರ್ ಸುತ್ತಬ್ಯಾಡ್ರಿ" ಎಂದು ಕೈ ಮುಗಿದು ಕೇಳಿಕೊಂಡೆ. ಅವರು ನಕ್ಕು, "ನೋಡೂಣ್ರಿ ಅಕ್ಕಾರ, ಕೈಗೆ ರೂಢಿ ಆಗೇತಿ" ಎಂದರು.

ಇಷ್ಟೆಲ್ಲ ಸಿದ್ಧತೆ ಮಾಡಿಕೊಂಡವಳು, ಬರುವವರು ಭೈರವಿಯಿಂದ ಮುಗಿಸುವವರೋ ಅಲ್ಲವೋ ಎಂಬ ಒಂದು ಪ್ರಶ್ನೆಯನ್ನು ಕೇಳಿರಲಿಲ್ಲ. ಆ ಸಲ ಬರುತ್ತಿದ್ದವರು ನಮ್ಮ ಕಡೆಯ ಗಾಯಕರಲ್ಲ. ಅದೊಂದು ಜಾಝ್ ತಂಡ. ನಾಲ್ಕು ಜನ, ನಾಲ್ಕು ದೇಶ. ನಾರ್ವೆಯ ಇಂಗ್ರಿಡ್ ಎಂಬ ಹೆಣ್ಣುಮಗಳು ಹಾಡುತ್ತಾಳೆ, ನಡುನಡುವೆ ಕವಿತೆ ಓದುತ್ತಾಳೆ. ಸ್ವೀಡನ್ನಿನವನು ಡಬಲ್ ಬಾಸ್ ಎಂಬ ಆಳೆತ್ತರದ ವಾದ್ಯ ನುಡಿಸುತ್ತಾನೆ. ಡೆನ್ಮಾರ್ಕಿನವನದು ಸ್ಯಾಕ್ಸೊಫೋನು. ಡ್ರಮ್ಸ್ ಬಾರಿಸುವವನು ಜರ್ಮನಿಯವನು. ತಮ್ಮ ಉತ್ತರದ ದೇಶಗಳ ಹಳ್ಳಿಯ ಹಾಡುಗಳನ್ನು ಎತ್ತಿಕೊಂಡು, ಅಲ್ಲಿಂದ ಮನಸ್ಸಿಗೆ ಬಂದ ಕಡೆಗೆ ಬೆಳೆಸುತ್ತ ಹೋಗುತ್ತಾರಂತೆ. ಗೋವಾದಿಂದ ಬೆಂಗಳೂರಿಗೆ ಹೋಗುವ ನಡುವೆ ಒಂದು ದಿನ ಖಾಲಿಯಿತ್ತೆಂದು ದೇಸಾಯಿಯವರು ಯಾರ ಮೂಲಕವೋ ಹಿಡಿದು ಕರೆಸಿದ್ದರು.

ಧಾರವಾಡದಲ್ಲಿ ರೈಲು ಸಾಮಾನು ಇಳಿಸುವಷ್ಟು ಹೊತ್ತು ನಿಲ್ಲುವುದಿಲ್ಲವೆಂದು ಅವರು ಮುಂದೆ ಹುಬ್ಬಳ್ಳಿಗೆ ಹೋಗಿ ಇಳಿದರು. ಜನ ಕಾರಿನಲ್ಲಿ ಹಿಡಿಸಿದರು, ಆ ದೊಡ್ಡ ವಾದ್ಯ ಹಿಡಿಸಲಿಲ್ಲ. ಕೊನೆಗೆ ನಮ್ಮ ಅಂಗಡಿಯ ಟೆಂಪೋ ಹೋಯಿತು. ಪೆಟ್ಟಾಗಬಾರದೆಂದು ಅತ್ತೆಯವರ ಹತ್ತಿಯ ಗಾದಿ ಹಾಸಿ, ಅದರ ಮೇಲೆ ವಾದ್ಯವನ್ನು ಮಲಗಿಸಿ, ಪಕ್ಕದಲ್ಲಿ ಅದರ ಯಜಮಾನ ಒಂದು ಕೈ ಹಾಕಿಕೊಂಡು ಕೂತು ಧಾರವಾಡದವರೆಗೆ ಬಂದ. ನಮ್ಮ ಮನೆಯವರು ಇಳಿಸುತ್ತ, "ಇದು ವಾದ್ಯನೋ, ಕಪಾಟನೋ? ಟ್ರ್ಯಾಕ್ಟರ್ ಗೇರ್‌ಬಾಕ್ಸು ಸೈತ ಇಷ್ಟು ನಾಜೂಕಲೆ ತಂದಿಲ್ಲ ನಾ" ಎಂದರು.

ಮಧ್ಯಾಹ್ನದ ಊಟ ನಮ್ಮಲ್ಲಿಯೇ. ನಾನು ಕಟ್ಟೆಯ ಮೇಲೆ ಜೋಳದ ರೊಟ್ಟಿ ಬಡಿಯುತ್ತಿದ್ದೆ. ಆ ಡ್ರಮ್ಸಿನವನು ಸದ್ದು ಕೇಳಿ ಎದ್ದು ಬಂದು ಅಡಿಗೆ ಮನೆಯ ಬಾಗಿಲಲ್ಲಿ ನಿಂತ. ತಟಪಟ ತಟಪಟ ಬಡಿದು, ನಡುವೆ ಹಿಟ್ಟು ಉದುರಿಸಲು ಒಂದು ಕ್ಷಣ ನಿಂತು, ಮತ್ತೆ ತಟಪಟ. ಅವನು ಕಣ್ಣು ಮುಚ್ಚಿಕೊಂಡು ತನ್ನ ತೊಡೆಯ ಮೇಲೆ ಅದನ್ನೇ ಬಡಿಯತೊಡಗಿದ. ಹಸಿದಿದ್ದಾನೆಂದು ತಿಳಿದು ನಾನು ಮೊದಲ ರೊಟ್ಟಿಯನ್ನು ಅವನ ಕೈಗೇ ಕೊಟ್ಟೆ.

ಎಣ್ಣೆಗಾಯಿ, ಶೇಂಗಾದ ಚಟ್ನಿ, ಕೆನೆಮೊಸರು ಹಾಕಿಕೊಂಡು ಅವರು ಉಣ್ಣುವಾಗ ದೇಸಾಯಿಯವರು ಇಂಗ್ಲಿಷಿನಲ್ಲಿ ಮಾತನಾಡಿಸಿ ನಮಗೆ ಕನ್ನಡ ಮಾಡಿ ಹೇಳುತ್ತಿದ್ದರು. ಇಂಗ್ರಿಡ್‌ಳ ಅಜ್ಜಿ ಗುಡ್ಡದ ಮೇಲಿನ ಹಸುಗಳನ್ನು ಹಾಡಿ ಕರೆಯುತ್ತಿದ್ದಳಂತೆ. ಅವಳು ಅದನ್ನು ತೋರಿಸಿದಳು. ಸಣ್ಣ ದನಿ ಮೇಲೆ ಹೋಗಿ ಅಲ್ಲಿಯೇ ನಿಂತು ಕೆಳಗೆ ಬಳುಕುತ್ತ ಬಂತು. ಅತ್ತೆಯವರು ಕೈಯಲ್ಲಿದ್ದ ತುತ್ತು ತಾಟಿಗಿಟ್ಟು, "ಅಷ್ಟು ನಾಜೂಕು ಕರದರ ನಮ್ಮ ಎಮ್ಮಿ ಬರೂದುಲ್ಲವಾ ಇಂದ್ರವ್ವ. ಹಿಂಗ ಕರೀಬೇಕು" ಎಂದು ಉಪ್ಪಿನಬೆಟಗೇರಿಯ ಹೊಲದ ಬದುವಿನ ಮೇಲೆ ನಿಂತವರಂತೆ ಒಂದು ಕೂಗು ಹಾಕಿದರು. ಪಕ್ಕದ ಮನೆಯವರು ಏನಾಯಿತೆಂದು ಕಂಪೌಂಡಿಗೆ ಬಂದರು. ಇಂಗ್ರಿಡ್ ಎದ್ದು ಬಂದು ಅತ್ತೆಯವರ ಎರಡೂ ಕೈ ಹಿಡಿದುಕೊಂಡಳು.

"ಮೊದಲು ಏನು ನುಡಿಸ್ತಾರ, ಆಮ್ಯಾಲೇನು, ಕೇಳ್ರಿ" ಎಂದು ನಾನು ದೇಸಾಯಿಯವರಿಗೆ ಹೇಳಿದೆ. ಅವರು ಕೇಳಿದರು. ಸ್ಯಾಕ್ಸೊಫೋನಿನವನು ನಗುತ್ತ ಏನೋ ಅಂದ.

"ತಮಗೂ ಗೊತ್ತಿಲ್ಲ ಅಂತಾನ್ರಿ. ಶುರು ಮಾಡತೀವಿ, ದಾರಿ ಸಿಕ್ಕಂಗ ಹೋಗತೀವಿ, ನಡುವ ಯಾರರೆ ಬಂದು ಕೂಡಿಕೊಂಡರ ಅವರನ್ನೂ ಕರಕೊಂಡು ಹೋಗತೀವಿ ಅಂತ."

"ನಮ್ಮೂರ ವಸ್ತಿ ಬಸ್ಸಿನ್ಹಂಗ ಅನ್ನು," ಎಂದರು ಅತ್ತೆಯವರು. "ಕೈ ಮಾಡಿದಲ್ಲೆ ನಿಲ್ಲಸ್ತಾರ."

ಸಂಜೆ ಸಭಾಗೃಹ ತುಂಬಿತ್ತು. ಧಾರವಾಡದ ಜನ ಹೊಸ ಸಂಗೀತಕ್ಕೂ ಬರುತ್ತಾರೆ, ಆದರೆ ಬರುವಾಗ ತಮ್ಮ ಅಳತೆಗೋಲನ್ನು ಮನೆಯಲ್ಲಿ ಬಿಟ್ಟು ಬರುವುದಿಲ್ಲ. ಮೊದಲನೆಯದು ಬಹಳ ಹೊತ್ತು ನಡೆಯಿತು. ಮುಂದಿನ ಸಾಲಿನಲ್ಲಿ ಇಬ್ಬರು ಹಿರಿಯರು ಅದು ಯಾವ ರಾಗಕ್ಕೆ ಹತ್ತಿರ ಎಂದು ಪಿಸುಗುಟ್ಟುತ್ತ ಜಗಳವನ್ನೇ ಆಡಿದರು. ಅತ್ತೆಯವರು ಬೆರಳೆಣಿಸಿ ತಾಳ ಹಾಕುತ್ತ, ಅದರ ಮೊದಲ ಪೆಟ್ಟನ್ನು ಹುಡುಕಿ ಸೋತು, "ಸಮಾ ಎಲ್ಲಿ ಬಚ್ಚಿಟ್ಟಾರ ಇವರು?" ಎಂದರು. ಎರಡನೆಯದು ಚಿಕ್ಕದು, ಚುರುಕಿನದು. ನಾನು ಲೆಕ್ಕ ಹಾಕಿದೆ. ನಮ್ಮಲ್ಲಿಯೂ ಹೀಗೆಯೇ. ದೊಡ್ಡ ರಾಗ ಒಂದು, ಸಣ್ಣದು ಒಂದು, ಆಮೇಲೆ ಭೈರವಿ. ಕಲಾವಿದರಿಗೆ ಹೊದಿಸಲು ತಂದ ಶಾಲುಗಳನ್ನು ಮಡಿಲಲ್ಲಿಟ್ಟುಕೊಂಡು ಕುರ್ಚಿಯ ತುದಿಗೆ ಸರಿದೆ.

ಮೂರನೆಯದನ್ನು ಇಂಗ್ರಿಡ್ ಒಬ್ಬಳೇ ಶುರು ಮಾಡಿದಳು. ಮೆಲ್ಲನೆಯ ಹಾಡು, ಎಲ್ಲ ಮೆತ್ತಗಿನ ಸ್ವರಗಳು. ಪಕ್ಕಕ್ಕೆ ತಿರುಗಿ ನೋಡಿದೆ. ಅತ್ತೆಯವರು ಒಂದು ಕ್ಷಣ ಕಿವಿಗೊಟ್ಟರು, ಕನ್ನಡಕ ತೆಗೆದರು, ಡಬ್ಬಿ ಟಪ್ಪೆಂದಿತು. "ಭೈರವಿ" ಎಂದರು. ಹಿಂದಿನ ಸಾಲುಗಳಲ್ಲಿ ಕಾಲುಗಳು ಸರಿದಾಡತೊಡಗಿದವು. ಹಾಡು ತೆಳ್ಳಗಾಗುತ್ತ ಬಂದು ನಿಂತಿತು. ನಾಲ್ವರೂ ಕಣ್ಣು ಮುಚ್ಚಿ ಸುಮ್ಮನೆ ನಿಂತರು. ನಮ್ಮ ಊರಿನಲ್ಲಿ ಹಾಡುವವರು ಅಷ್ಟು ಹೊತ್ತು ಸುಮ್ಮನಿದ್ದರೆ ಅದಕ್ಕೆ ಬೇರೆ ಅರ್ಥವಿಲ್ಲ. ಹಿಂದಿನ ಎರಡು ಸಾಲು ಎದ್ದೇ ಬಿಟ್ಟವು. ನಾನು ಮೆಟ್ಟಿಲು ಹತ್ತಿದೆ.

ಮೈಕು ಹಿಡಿದು, ಬಾಯಿಪಾಠ ಮಾಡಿದ್ದನ್ನು ಶುರು ಮಾಡಿದೆ. "ಎಲ್ಲರಿಗೂ ನಮಸ್ಕಾರ. ಈ ಸುಂದರ ಸಂಜೆಗೆ ಕಾರಣರಾದ..."

ಧುಮ್ ಎಂದಿತು ನನ್ನ ಬೆನ್ನ ಹಿಂದೆ.

ತಿರುಗಿ ನೋಡಿದರೆ ಬಾಸಿನವನು ನನ್ನನ್ನೇ ನೋಡುತ್ತ ತಲೆದೂಗುತ್ತಿದ್ದ. ಏನೋ ಕೈ ತಾಗಿರಬೇಕು ಎಂದುಕೊಂಡು ಮುಂದುವರಿಸಿದೆ. "...ನಮ್ಮ ಅಧ್ಯಕ್ಷರಾದ ದೇಸಾಯಿಯವರಿಗೆ ವಂದನೆಗಳು." ಧುಮ್, ಧುಮ್. ಸ್ಯಾಕ್ಸೊಫೋನು ಮೆಲ್ಲಗೆ "ವಂದನೆಗಳು" ಎಂಬಷ್ಟೇ ಉದ್ದದ ಒಂದು ಮಾತನ್ನು ನುಡಿಯಿತು. ನನಗೆ ಆಗ ವಸ್ತಿ ಬಸ್ಸಿನ ನೆನಪಾಯಿತು. ನಾನು ಕೈ ಮಾಡಿದ್ದೆ. ಬಸ್ಸು ನಿಂತಿತ್ತು. ಈಗ ನಾನು ಒಳಗಿದ್ದೆ.

ಇಳಿಯೋಣವೆಂದು ಎದುರಿಗೆ ನೋಡಿದೆ. ಎದ್ದವರು ನಿಂತಲ್ಲಿಯೇ ನಿಂತಿದ್ದರು, ಮತ್ತು ಎಲ್ಲ ಮುಖಗಳು ನನ್ನ ಕಡೆಗಿದ್ದವು. ಬೆನ್ನು ಒಂದೂ ಇರಲಿಲ್ಲ! ಇಂಥ ಸಭೆ ಮತ್ತೆಂದು ಸಿಗಬೇಕು? "ಧ್ವನಿವರ್ಧಕದ ಮೌಲಾಸಾಬರಿಗೆ" ಎಂದೆ, ಒಂದೊಂದೇ ಅಕ್ಷರವನ್ನು ಬಿಡಿಸಿ. ಇಂಗ್ರಿಡ್ ಆ ಹೆಸರನ್ನು ಎತ್ತಿಕೊಂಡಳು. ಮೌ... ಲಾ... ಸಾ... ಬ್ ಎಂದು ಅಜ್ಜಿ ಹಸು ಕರೆದಂತೆ ಮೇಲಕ್ಕೆ ಒಯ್ದು, ಅಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ, ಇಳಿಸಿದಳು. ಗೋಡೆಯ ಬದಿಯಲ್ಲಿ ವಾಯರು ಸುತ್ತುತ್ತಿದ್ದ ಮೌಲಾಸಾಬರು ನಿಂತರು. ಸುತ್ತಿದ್ದನ್ನು ಮೆಲ್ಲನೆ ಬಿಚ್ಚಿದರು.

ಡ್ರಮ್ಸಿನವನು ಕೋಲು ಬಿಟ್ಟು ಬರಿಗೈಯಿಂದ ಶುರು ಮಾಡಿದ. ತಟಪಟ ತಟಪಟ, ಒಂದು ಕ್ಷಣ ಬಿಡುವು, ಮತ್ತೆ ತಟಪಟ. ನನ್ನ ರೊಟ್ಟಿ! ಆ ಮೇಲೆ ನನಗೆ ಹೆದರಿಕೆ ಉಳಿಯಲಿಲ್ಲ. ರೊಟ್ಟಿ ಬಡಿಯುತ್ತ ಆ ಲಯದಲ್ಲಿಯೇ ನಾನು ದಿನಾಲು ಕೆಲಸದವಳಿಗೆ ಹೇಳುವುದನ್ನು, ಫೋನಿನಲ್ಲಿ ತಂಗಿಗೆ ಹೇಳುವುದನ್ನು, ಎಲ್ಲವನ್ನೂ ಹೇಳುತ್ತೇನೆ. ಕಾಶವ್ವನ ಹೂವಿನ ಬುಟ್ಟಿಗೆ ವಂದನೆ ಹೇಳಿದೆ. ಕುರ್ಚಿ ಹಾಕಿದವರಿಗೆ, ಚಹಾ ಕಾಸಿದವರಿಗೆ ಹೇಳಿದೆ. ಇದ್ದ ಹೆಸರುಗಳೆಲ್ಲ ಮುಗಿದವು.

ಸಂಗೀತ ಮುಗಿಯಲಿಲ್ಲ. ನಾಲ್ವರೂ ಹುಬ್ಬೇರಿಸಿ, ಮುಂದೆ ಎನ್ನುವಂತೆ ನನ್ನನ್ನೇ ನೋಡುತ್ತಿದ್ದರು. ಹೆಸರುಗಳ ದಾಸ್ತಾನು ಬರಿದಾಗಿತ್ತು. ಮತ್ತೆ ಎಲ್ಲಿಂದ ತರಲಿ? ಬೆಳಿಗ್ಗೆಯಿಂದ ಏನೇನು ನಡೆಯಿತೋ ಅದನ್ನೇ ಹಿಡಿದುಕೊಂಡು ಹೊರಟೆ. ಹೇಳಿದ ಹೊತ್ತಿಗೆ ಬಂದ ಗ್ಯಾಸ್ ಸಿಲಿಂಡರಿಗೆ ವಂದನೆ. ಎಣ್ಣೆಗಾಯಿಗೆ ಬಲಿತದ್ದು ಬೇಡ ಎಂದಾಗ ಬೇಸರಿಸದೆ ಎಳೆಯ ಬದನೆಕಾಯಿ ಆರಿಸಿ ಕೊಟ್ಟ ಕಾಯಿಪಲ್ಲೆಯವಳಿಗೆ ವಂದನೆ. ಚಪ್ಪಲಿಯ ಹತ್ತಿರ ನಿಂತ ನಮ್ಮ ಮನೆಯವರಿಗೆ, ಅವರ ಟೆಂಪೋಗೆ, ತಗ್ಗು ಬಂದಲ್ಲೆಲ್ಲ ಅವರು ಒತ್ತಿದ ಬ್ರೇಕಿಗೆ ವಂದನೆ. ಟೆಂಪೋದಲ್ಲಿ ಹಾಸಿದ ಗಾದಿಗೆ, ಗಾದಿ ಕೊಟ್ಟು ಇವತ್ತು ಚಾಪೆಯ ಮೇಲೆ ಮಧ್ಯಾಹ್ನದ ನಿದ್ದೆ ಮಾಡಿದ ಅತ್ತೆಯವರಿಗೆ, ಇಷ್ಟು ಹೊತ್ತು ತಡೆದುಕೊಂಡ ಅವರ ಎರಡೂ ಮೊಣಕಾಲುಗಳಿಗೆ ವಂದನೆ. ಸ್ಯಾಕ್ಸೊಫೋನು ಮೊಣಕಾಲುಗಳ ಮೇಲೆ ಬಹಳ ಹೊತ್ತು ನಿಂತಿತು. ಅತ್ತೆಯವರು ಡಬ್ಬಿಯಿಂದ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು.

ಇನ್ನು ಇದನ್ನು ನಿಲ್ಲಿಸುವುದು ಹೇಗೆ? ಧಾರವಾಡದಲ್ಲಿ ಇಷ್ಟು ವರ್ಷ ಜಮಖಾನೆ ಹಾಸಿದ್ದು ಆಗ ಉಪಯೋಗಕ್ಕೆ ಬಂತು. ತಬಲಾದವರು ಮುಗಿಸುವಾಗ ಒಂದೇ ತುಂಡನ್ನು ಮೂರು ಸಲ ಬಾರಿಸಿ ಸಮಕ್ಕೆ ಬಂದು ಬೀಳುತ್ತಾರೆ. ತಿಹಾಯಿ ಎನ್ನುತ್ತಾರೆ ಅದಕ್ಕೆ. ನಾನು ಗಟ್ಟಿಯಾಗಿ ಹೇಳಿದೆ. "ಯಾರ ಹೆಸರಾದರೂ ಬಿಟ್ಟಿದ್ದರೆ ಕ್ಷಮಿಸಿ!" ಮತ್ತೊಮ್ಮೆ ಹೇಳಿದೆ. ಡ್ರಮ್ಸಿನವನ ಕಣ್ಣು ಅರಳಿತು. ಮೂರನೆಯ ಸಲ "ಕ್ಷಮಿಸಿ" ಎಂಬುದಕ್ಕೂ ಅವನ ಕೈಗೂ ಒಂದೇ ಪೆಟ್ಟು. ಇಡೀ ಸಭೆ "ವಾಹ್!" ಎಂದಿತು. ಮುಂದಿನ ಸಾಲಿನಲ್ಲಿ ಜಗಳವಾಡಿದ್ದ ಹಿರಿಯರಿಬ್ಬರೂ ಒಟ್ಟಿಗೆ ತೊಡೆ ತಟ್ಟಿದರು. ಅಂತೂ ಸಮ ಸಿಕ್ಕಿತ್ತು.

ಆ ಹುರುಪಿನಲ್ಲಿಯೇ ಡ್ರಮ್ಸಿನವನಿಗೆ ಶಾಲು ಹೊದಿಸಿದೆ. ಎರಡನೆಯ ಶಾಲು ಬಿಚ್ಚುವಾಗ ದೇಸಾಯಿಯವರು ಮೆಟ್ಟಿಲವರೆಗೆ ಬಂದು ಮೆಲ್ಲಗೆ ಕರೆದರು.

"ಬಾಯಾರ, ಸಾಕ್ರಿ, ಇಳೀರಿ. ಅದು ಭೈರವಿ ಅಲ್ಲರಿ, ಅವರ ಊರ ಜೋಗುಳ. ನಡುವ ಸುಮ್ಮ ನಿಂತಿದ್ದರು ಅಷ್ಟ. ಇನ್ನೂ ಅರ್ಧಾ ಕಾರ್ಯಕ್ರಮ ಐತಿ."

ನಾನು ಇಳಿದು ಬಂದು ಸೀರೆಯ ಸೆರಗಿನಿಂದ ಮುಖ ಒರೆಸಿಕೊಂಡು ಕೂತೆ. ಅತ್ತೆಯವರು ಎದುರಿಗೆ ನೋಡುತ್ತಲೇ, "ಜೋಗುಳ ಆದರ ಏನಾತು, ಭೈರವಿನ ಅದು. ಅವರಿಗೆ ಗೊತ್ತಿಲ್ಲ" ಎಂದರು. ಆಮೇಲೆ, "ಮೊಣಕಾಲು ಯಾಕ ಹೇಳಬೇಕಿತ್ತು? ಊರ ಮಂದಿ ಎಲ್ಲಾ ತಿರುಗಿ ನೋಡಿದರು" ಎಂದರು. ಆದರೆ ಆ ಕಾಲುಗಳನ್ನು ಸ್ವಲ್ಪ ಮುಂದಕ್ಕೆ ಚಾಚಿ ಕೂತಿದ್ದರು, ಕಾಣುವ ಹಾಗೆ.

ಉಳಿದ ಅರ್ಧವನ್ನು ಡ್ರಮ್ಸಿನವನು ಮೈಸೂರು ಶಾಲು ಹೊದ್ದುಕೊಂಡೇ ಬಾರಿಸಿದ. ಕೊನೆಗೆ ಕುಣಿಯುವಂಥದ್ದೊಂದು ನುಡಿಸಿ ನಾಲ್ವರೂ ಬಾಗಿ ನಮಸ್ಕರಿಸಿದರು. ಚಪ್ಪಾಳೆಯಾಯಿತು. ಯಾರೂ ಏಳಲಿಲ್ಲ. ಭೈರವಿ ಆಗಿಹೋಗಿತ್ತು, ವಂದನಾರ್ಪಣೆಯೂ ಆಗಿತ್ತು. ಇನ್ನು ಮನೆಗೆ ಹೋಗಿರೆಂದು ಹೇಳುವವರು ಯಾರು? ಕಲಾವಿದರು ಜನರನ್ನು ನೋಡಿದರು, ಜನ ಕಲಾವಿದರನ್ನು ನೋಡಿದರು. ಕೊನೆಗೆ ನಮ್ಮ ಮನೆಯವರೇ ಬಾಗಿಲಿನಿಂದ, "ಟೆಂಪೋ ರೆಡಿ ಐತ್ರಿ, ಆ ಕಪಾಟ ತರ್ರಿ" ಎಂದು ಕೂಗಿದ ಮೇಲೆ ಸಭೆ ಎದ್ದಿತು.

ಮುಂದಿನ ಕೆಲವು ದಿನ ನಾನು ದೊಡ್ಡ ಮನುಷ್ಯಳೇ ಆಗಿದ್ದೆ. ಮೌಲಾಸಾಬರು ದಾರಿಯಲ್ಲಿ ಸ್ಕೂಟರ್ ನಿಲ್ಲಿಸಿ, "ಅಕ್ಕಾರ, ನಮ್ಮ ಮನ್ಯಾಗ ಈಗ ಎಲ್ಲಾರೂ ನನ್ನ ಹಾಡಿಕೋತ ಕರಿಯಾಕತ್ತಾರ" ಎಂದು ದೂರಿದರು. ದೂರುವಾಗ ಮುಖ ನಗುತ್ತಿತ್ತು. ಸೊಲ್ಲಾಪುರದಿಂದ ಬಂದ ಹಿರೇಮಠ ಮಾಸ್ತರರು ಪೇಢೆ ಕೊಟ್ಟು, "ಇನ್ನ ವಂದನಾರ್ಪಣೆ ನಿಮಗ ಬಿಟ್ಟೀನ್ರಿ" ಎಂದರು.

ಮೊನ್ನೆ ಒಬ್ಬ ಗಾಯಕರ ಕಾರ್ಯಕ್ರಮವಿತ್ತು. ದೊಡ್ಡ ರಾಗ ಆಯಿತು, ಸಣ್ಣದು ಆಯಿತು, ಭೈರವಿ ಬಂತು. ಈ ಸಲ ಖರೇ ಭೈರವಿ. ಅದು ಮುಗಿಯಿತೆಂದು ಇಬ್ಬರನ್ನು ಕೇಳಿ ಖಾತ್ರಿ ಮಾಡಿಕೊಂಡು ವೇದಿಕೆ ಹತ್ತಿದೆ. ಅಷ್ಟರಲ್ಲಿ ಎದುರಿಗೆ ಬರೀ ಬೆನ್ನುಗಳು. ಇರಲಿ ಎಂದು ಶುರು ಮಾಡಿದೆ. "ಧ್ವನಿವರ್ಧಕದ ಮೌಲಾಸಾಬರಿಗೆ" ಎಂದು ಹೇಳಿ ನಿಂತೆ. ಯಾಕೆ ನಿಂತೆನೆಂದು ಆಮೇಲೆ ತಿಳಿಯಿತು. ಆ ಹೆಸರನ್ನು ಯಾರಾದರೂ ಮೇಲಕ್ಕೆ ಒಯ್ಯಲಿ ಎಂದು ಕಾಯುತ್ತಿದ್ದೆ. ಯಾರೂ ಒಯ್ಯಲಿಲ್ಲ. ಆ ಖಾಲಿಯಲ್ಲಿ ಚಪ್ಪಲಿ ಹುಡುಕುವ ಸದ್ದು ಬಂತು, ಕುರ್ಚಿ ಮಡಚುವ ಸದ್ದು ಬಂತು. ಮೌಲಾಸಾಬರು ವಾಯರು ಸುತ್ತುತ್ತ ನನ್ನ ಮೈಕಿನ ಕಡೆಗೇ ಬರುತ್ತಿದ್ದರು.

ಎಲ್ಲರೂ ಎದ್ದ ಮೇಲೂ ಮುಂದಿನ ಸಾಲಿನಲ್ಲಿ ಅತ್ತೆಯವರೊಬ್ಬರೇ ಕೂತಿದ್ದರು, ಕನ್ನಡಕ ಹಾಕಿಕೊಂಡು. ಅವರ ಅಂಗೈ ತೊಡೆಯ ಮೇಲೆ ತಟಪಟ ತಟಪಟ ಎನ್ನುತ್ತಿತ್ತು. ನಡುವೆ ಒಂದು ಕ್ಷಣ ನಿಲ್ಲಿಸಿ, "ಹೂಂ, ಮುಂದ ಹೇಳವಾ, ಮೊಣಕಾಲು ಇನ್ನೂ ಬರಲಿಲ್ಲ" ಎಂದರು.